ಕೆಮ್ಮಿಲ್ಲ, ಜ್ವರವಿಲ್ಲ, ಮಗಳಿಗೆ ಟಿಬಿ ಮಾತ್ರೆ ಯಾಕೆ?

ಪ್ರಶ್ನೆ (ಹಾವೇರಿ ಕಡೆಯ ತಾಯಿ): ನಮ್ಮ ಮಾವನವರಿಗೆ ಕಫದಲ್ಲಿ ಟಿಬಿ ಬಂದಿದೆ, ಔಷಧ ಶುರುವಾಗಿ ಒಂದು ತಿಂಗಳಾಯಿತು. ಆಶಾ ಅಕ್ಕ ಮನೆಯವರನ್ನೆಲ್ಲ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದರು. ಹತ್ತು ವರ್ಷದ ಮಗಳ ಎಕ್ಸ್‌ರೇ ಚೆನ್ನಾಗಿದೆ, ಟಿಬಿ ಸೋಂಕು ತಗುಲಿದೆಯಾ ಅಂತ ನೋಡುವ ಐಜಿಆರ್‌ಎ ಎಂಬ ರಕ್ತಪರೀಕ್ಷೆ ಮಾತ್ರ ಪಾಸಿಟಿವ್. ಅಜ್ಜನ ಪಕ್ಕದಲ್ಲೇ ಮಲಗಿ ಕಥೆ ಕೇಳುತ್ತಿದ್ದವಳು. ದಿನಾ ಖೋ-ಖೋ ಆಡಿ ಬರ್ತಾಳೆ, ಹೊಟ್ಟೆ ತುಂಬ ಉಣ್ತಾಳೆ. ವಾರಕ್ಕೊಮ್ಮೆಯಂತೆ 12 ವಾರ ಮಾತ್ರೆ ಕೊಡಬೇಕಂತೆ. ಅವಳಿಂದ ನಾಲ್ಕು ವರ್ಷದ ತಮ್ಮನಿಗೆ ಹರಡುತ್ತಾ?

ಉತ್ತರ (ಲ್ಯಾಬ್ ಟೆಕ್ನಿಷಿಯನ್): ಅಕ್ಕಾ, ಮಗಳಿಂದ ಹರಡೋದಿಲ್ಲ, ಈ ಭಯ ಬಿಡಿ. ನಿಮ್ಮ ಮಾವನವರ ಕಫದಂಥ ಸ್ಲೈಡ್‌ಗಳನ್ನು ನಾನು ದಿನಾ ನೋಡ್ತೀನಿ. ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು, ಅವೇ ಟಿಬಿ ಬ್ಯಾಕ್ಟೀರಿಯಾ. ಐಜಿಆರ್‌ಎಯಲ್ಲಿ ನಾವು ಅವನ್ನು ಹುಡುಕೋದೇ ಇಲ್ಲ. ಮಗುವಿನ ರಕ್ತಕ್ಕೆ ಟಿಬಿ ಬ್ಯಾಕ್ಟೀರಿಯಾದ ಪ್ರೋಟೀನ್ ಸೇರಿಸಿ, 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡ್ತೀವಿ. ಹಿಂದೆ ಅದನ್ನು ಎದುರಿಸಿದ ಟಿ-ಕಣಗಳಿದ್ದರೆ (ರಕ್ತದಲ್ಲಿರುವ ಒಂದು ಬಗೆಯ ರಕ್ಷಣಾ ಕಣ) ಗುರುತು ಹಿಡಿದು ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನ್ ಬಿಡುತ್ತವೆ. ನಾವು ಅಳೆಯೋದು ಅದನ್ನ. ಬಿಸಿಜಿ ಲಸಿಕೆಯಿಂದ ಇದು ಪಾಸಿಟಿವ್ ಆಗೋದಿಲ್ಲ.

ಶ್ವಾಸಕೋಶದಲ್ಲಿ ಆಗೋದು ಇಷ್ಟು: ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕಣ ಬ್ಯಾಕ್ಟೀರಿಯಾವನ್ನು ನುಂಗುತ್ತೆ, ಆದರೆ ಅರಗಿಸಿಕೊಳ್ಳೋಕೆ ಆಗೋದಿಲ್ಲ. ಆಗ ಬೇರೆ ಕಣಗಳು ಬಂದು ಸುತ್ತುವರಿದು ಒಂದು ಗಂಟು ಕಟ್ಟುತ್ತವೆ, ಗ್ರಾನ್ಯುಲೋಮಾ ಅಂತಾರೆ. ಒಳಗೆ ಆಮ್ಲಜನಕ ಕಡಿಮೆ. ಬ್ಯಾಕ್ಟೀರಿಯಾ ಸಾಯದೆ, ಬೆಳೆಯದೆ ಸುಮ್ಮನೆ ಬಿದ್ದಿರಬಹುದು, ವರ್ಷಗಟ್ಟಲೆ. ಅದಕ್ಕೇ ಕೆಮ್ಮಿಲ್ಲ. ಸೋಂಕಿದ ನೂರರಲ್ಲಿ 5ರಿಂದ 10 ಜನಕ್ಕೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ರೋಗ ಏಳುತ್ತೆ, ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಯಾರಿಗೆ ಏಳುತ್ತೆ ಅಂತ ಹೇಳುವ ಪರೀಕ್ಷೆ ನಮ್ಮ ಲ್ಯಾಬಿನಲ್ಲಿಲ್ಲ. ಅದಕ್ಕೇ ಮಾತ್ರೆ.

ತಮ್ಮನನ್ನು ತಡಮಾಡದೆ ತೋರಿಸಿ. ಐದು ತುಂಬದ ಮಕ್ಕಳಲ್ಲಿ ರೋಗ ಬೇಗ ಏಳುತ್ತೆ. ಟಿಬಿ ಇಲ್ಲ ಅಂತ ಖಚಿತವಾದರೆ ಐಜಿಆರ್‌ಎಗೆ ಕಾಯದೆ ಮಾತ್ರೆ ಶುರು ಮಾಡ್ತಾರೆ.

ಉತ್ತರ (ಮೈಸೂರು): ನನಗೂ ಹೀಗೇ ಆಗಿತ್ತು ಅಕ್ಕಾ. ಸಂಧಿವಾತಕ್ಕೆ ಟಿಎನ್‌ಎಫ್ (ದೇಹದ ರಕ್ಷಣಾ ಕಣಗಳು ಬಿಡುವ ಒಂದು ಪ್ರೋಟೀನ್) ತಡೆಯುವ ಇಂಜೆಕ್ಷನ್ ಕೊಡುವ ಮುಂಚೆ ಡಾಕ್ಟರು ಟಿಬಿ ಪರೀಕ್ಷೆ ಮಾಡಿಸಿದರು, ಪಾಸಿಟಿವ್. ಆ ಗಂಟನ್ನು ಬಿಗಿಯಾಗಿ ಹಿಡಿದಿಡೋದೇ ಟಿಎನ್‌ಎಫ್, ಅದನ್ನು ತಡೆದರೆ ಒಳಗಿರೋದು ಏಳಬಹುದು ಅಂದರು. ಮೊದಲು ಮಾತ್ರೆ, ಆಮೇಲೆ ಇಂಜೆಕ್ಷನ್. ಮೂತ್ರ ಕಿತ್ತಳೆ ಬಣ್ಣ ಆಗುತ್ತೆ, ಗಾಬರಿಯಾಗಬೇಡಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರೆ ನಿಲ್ಲಿಸಿ ತಕ್ಷಣ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ ಕೇಳಿದವರು: ನಿನ್ನೆ ಊಟವಾದ ಮೇಲೆ ಮೊದಲ ವಾರದ ಮಾತ್ರೆ ಕೊಟ್ಟೆ. ಬೆಳಿಗ್ಗೆ ಬಚ್ಚಲಿಂದ "ಅಮ್ಮಾ, ಕಿತ್ತಳೆ!" ಅಂತ ಕೂಗಿದಳು. ನೀವು ಮೊದಲೇ ಹೇಳಿರದಿದ್ದರೆ ನನ್ನ ಜೀವವೇ ಹೋಗ್ತಿತ್ತು. ಸೋಮವಾರ ಮಗನನ್ನೂ ಕರೆದುಕೊಂಡು ಹೋಗ್ತೀನಿ.