ಪದ ಬೇಕು: ಗ್ರೇಡು ಪಟ್ಟಿಯ ‘ಎಕ್ಸಲೆಂಟ್’, ‘ವೆರಿ ಗುಡ್’, ‘ಗುಡ್’ (ಸೋಮವಾರದ ಒಳಗೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಕಾಸರಗೋಡು ಕಡೆಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾಯಿತಲ್ಲ, ಅದರ ಗ್ರೇಡು ಪಟ್ಟಿ ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಗೋಡೆ ಮೇಲಿದೆ. ಕನ್ನಡದ್ದಿಲ್ಲ. ಕೇಳಿದ್ದಕ್ಕೆ, “ನೀವೇ ಬರೆದು ಕೊಡಿ, ಸೋಮವಾರ ಪೈಂಟರ್ ಬರ್ತಾನೆ” ಅಂದರು.

ಓ ಅಂದರೆ ಔಟ್‌ಸ್ಟ್ಯಾಂಡಿಂಗ್, 10 ಪಾಯಿಂಟು. ಎ ಪ್ಲಸ್ ಎಕ್ಸಲೆಂಟ್, 9. ಎ ವೆರಿ ಗುಡ್, 8. ಬಿ ಪ್ಲಸ್ ಗುಡ್, 7. ಬಿ ಎಬವ್ ಆವರೇಜ್, 6. ಸಿ ಆವರೇಜ್, 5. ಪಿ ಪಾಸ್, 4. ಎಫ್‌ಗೆ ಸೊನ್ನೆ.

ಮೇಲಿನ ನಾಲ್ಕಕ್ಕೆ ಅಸಾಧಾರಣ, ಅತ್ಯುತ್ತಮ, ಬಹಳ ಉತ್ತಮ, ಉತ್ತಮ ಅಂತ ಬರೆದೆ. ಸಿಯಲ್ಲಿ ಸಿಕ್ಕಿಬಿದ್ದೆ. ‘ಸರಾಸರಿ’ ಅಂದರೆ ಗೊಂದಲ. ಪಾಯಿಂಟನ್ನು ಕ್ರೆಡಿಟ್ಟಿನಿಂದ (ಆಯಾ ವಿಷಯದ ತೂಕ) ಗುಣಿಸಿ, ಕೂಡಿಸಿ, ಭಾಗಿಸಿ ತೆಗೆಯುವ ಸೆಮಿಸ್ಟರ್ ಪಾಯಿಂಟೇ ಒಂದು ಸರಾಸರಿ. ‘ಸಾಧಾರಣ’ ಅಂದರೆ ಮಲಯಾಳ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ‘ಯಾವಾಗಲೂ ನಡೆಯುವಂಥದ್ದು’ ಅನಿಸ್ತದೆ. ಇನ್ನೊಂದು: ಸ್ಟಾಫ್ ರೂಮಿನಲ್ಲಿ ಎಲ್ಲರೂ ಮಲಯಾಳದವರ ಹಾಗೆ ‘ಮೂಲ್ಯನಿರ್ಣಯ’ ಅಂತಾರೆ. ನಮಗೆ ಮೌಲ್ಯಮಾಪನ ಸಾಕಲ್ವಾ?

— ಬದಿಯಡ್ಕದಿಂದ

ಅತ್ಯುತ್ತಮ ತಪ್ಪು. ‘ಉತ್ತಮ’ದಲ್ಲೇ ‘ತಮ’ ಇದೆ. ಉತ್, ಉತ್ತರ, ಉತ್ತಮ. ಅಲ್ಲಿಗೆ ಮುಗಿಯಿತು, ಮೇಲೆ ಹತ್ತಲು ಜಾಗವಿಲ್ಲ. ಏಳು ಪಾಯಿಂಟಿನವನನ್ನೇ ಉತ್ತಮದಲ್ಲಿ ಕೂರಿಸಿದರೆ ಹತ್ತರವನನ್ನು ಅಟ್ಟಕ್ಕೆ ಹತ್ತಿಸ್ತೀರಾ? ನಮ್ಮಲ್ಲಿ ಇದ್ದದ್ದು ಉತ್ತಮ, ಮಧ್ಯಮ, ಅಧಮ. ಉಳಿದ ಐದು ಕಡ ತಂದದ್ದು. ಮೂಲ್ಯನಿರ್ಣಯದಲ್ಲಿ ದೋಷವಿಲ್ಲ, ಅದೂ ಸಂಸ್ಕೃತವೇ.

— ನೀರ್ಚಾಲಿನಿಂದ

ಮಾಷ್ಟ್ರೇ, ವ್ಯಾಕರಣ ಸರಿ. ಆದರೆ ಅತ್ಯುತ್ತಮ ದಿನಾ ಪೇಪರಿನಲ್ಲಿ ಬರ್ತದೆ, ಓದುವವರಿಗೆ ಗೊತ್ತಾಗ್ತದೆ. ಬೇರೆ ಪದ ಇದ್ದರೆ ಹೇಳಿ.

— ಬದಿಯಡ್ಕದಿಂದ

ಇಬ್ಬರೂ ಸಂಸ್ಕೃತದ ಒಳಗೇ ಸುತ್ತುತ್ತಿದ್ದೀರಿ. ಮೊದಲು ‘ಗ್ರೇಡು’ ತೆಗೆಯಿರಿ. ‘ದರ್ಜೆ’ಯೂ ಬೇಡ, ಅರಬ್ಬಿ. ‘ಮಟ್ಟ’ ಅಂತ ನಮ್ಮದೇ ಪದ ಇದೆ. ತಮಿಳರು ಮಾರ್ಕಿಗೆ ‘ಮದಿಪ್ಪೆಣ್’ ಅಂತ ಕಟ್ಟಿಕೊಂಡರು, ಬೆಲೆಯ ಎಣಿಕೆ ಅಂತ. ನಾವು ‘ಅಂಕ’ಕ್ಕೆ ಜೋತುಬಿದ್ದಿದ್ದೇವೆ.

— ಬೆಂಗಳೂರಿನಿಂದ

ಮಟ್ಟವಾ? “ನಿನ್ನನ್ನು ಎಷ್ಟು ಮಟ್ಟ ಹಾಕಿದರು ಮಗಾ?” ಅಂತ ಅಮ್ಮ ಕೇಳಿದರೆ ಹೇಗಿರ್ತದೆ, ಯೋಚಿಸಿ.

ಅರಬ್ಬಿಯಲ್ಲಿ ದರ್ಜೆ ಅಂದರೆ ಮೆಟ್ಟಿಲು. ಗ್ರೇಡಿನ ಲ್ಯಾಟಿನ್ ಮೂಲಕ್ಕೂ ಅದೇ ಅರ್ಥ. ಹಾಗಾಗಿ ಅರ್ಥದ ಜಗಳ ಇಲ್ಲ. ನಾನು ದರ್ಜೆ ಬೇಡ ಅನ್ನುವುದು ಬೇರೆ ಕಾರಣಕ್ಕೆ. ‘ಪ್ರಥಮ ದರ್ಜೆ’ ಅಂದರೆ ಮನೆಯವರಿಗೆ ಹಳೇ ಫಸ್ಟ್ ಕ್ಲಾಸು. ‘ಎ ದರ್ಜೆ’ ಅಂದರೆ ಅದೇ ಅಂತ ತಿಳಿದು ಪಾಯಸ ಮಾಡ್ತಾರೆ, ಇಲ್ಲಿ ಎ ಇರುವುದು ಮೂರನೇ ಮೆಟ್ಟಿಲಲ್ಲಿ.

ನಮ್ಮ ಅಡಿಕೆ ಅಂಗಡಿ ನೋಡಿ. ಒಂದೊಂದು ತರದ ಅಡಿಕೆಗೆ ಒಂದೊಂದು ಹೆಸರು: ಹಳೆ ಚಾಲಿ, ಹೊಸ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು. ಯಾರೂ ‘ಅತಿ ಚಾಲಿ’, ‘ಬಹಳ ಚಾಲಿ’ ಅನ್ನಲಿಲ್ಲ. ಉತ್ತಮವನ್ನೇ ಎಳೆದೆಳೆದು ಮೂರು ಮಾಡುವ ಬದಲು ಬೇರೆ ಬೇರೆ ಪದ ಇಡಿ. ಎ ಪ್ಲಸ್‌ಗೆ ‘ಶ್ರೇಷ್ಠ’ ಹೇಗೆ? ಎಫ್‌ಗೆ ಕರಿಗೋಟು ಅನ್ನಬೇಡಿ ಮಾತ್ರ, ಕರಿಗೋಟಿಗೂ ಸ್ವಲ್ಪ ರೇಟಿದೆ.

— ಪೆರ್ಲದಿಂದ

ಶ್ರೇಷ್ಠವೂ ಅದೇ ಜಾತಿ. ‘ಇಷ್ಠ’ ಪ್ರತ್ಯಯ. ಎಲ್ಲಕ್ಕಿಂತ ಮೇಲು ಅಂತಲೇ ಅರ್ಥ. ಎರಡನೇ ಮೆಟ್ಟಿಲಲ್ಲಿ ಇಡುವುದು ಹೇಗೆ? ಎಫ್‌ಗೆ ‘ನಪಾಸು’ ಕೂಡ ಬರೆಯಬೇಡಿ. ತಲೆ ಪಾರಸಿ, ಬಾಲ ಇಂಗ್ಲಿಷು. ಅನುತ್ತೀರ್ಣ.

— ನೀರ್ಚಾಲಿನಿಂದ

ಪಾರಸಿ ಅಂದರೆ ಕೋಪ, ಸಂಸ್ಕೃತ ಅಂದರೆ ಪ್ರೀತಿ. ಎರಡೂ ಎರವಲೇ ಅಲ್ವಾ? ನಿಮ್ಮ ಊರಿನಲ್ಲಿ ಮಲಯಾಳದ ಒತ್ತಡ ಅಂತ ಅಳುತ್ತೀರಿ, ಪದ ಮಾತ್ರ ಮಲಯಾಳದವರು ಎತ್ತಿಕೊಂಡ ಕಣಜದಿಂದಲೇ ತರ್ತೀರಿ.

— ಬೆಂಗಳೂರಿನಿಂದ

ಕಾಸರಗೋಡಿನಲ್ಲಿ ಇದ್ದು ನೋಡಿ, ಆಮೇಲೆ ಅಳು ಯಾವುದು ಅಂತ ಹೇಳಿ. ಇಲ್ಲಿ ಫಾರ್ಮ್ ಕನ್ನಡದಲ್ಲಿ ಸಿಕ್ಕಿದರೇ ದೊಡ್ಡದು. ಅದರಲ್ಲಿ ಯಾವ ಕಣಜದ ಪದ ಇದೆ ಅಂತ ಯಾರೂ ಹುಡುಕುವುದಿಲ್ಲ.

— ಪೆರ್ಲದಿಂದ

ಸಾಕು, ಪೈಂಟರ್ ಎರಡು ಸಲ ಫೋನ್ ಮಾಡಿದ. ಕಳಿಸಿಬಿಟ್ಟೆ. ಅಸಾಧಾರಣ, ಅತ್ಯುತ್ತಮ, ಬಹಳ ಒಳ್ಳೆಯದು, ಒಳ್ಳೆಯದು, ಸಾಮಾನ್ಯಕ್ಕಿಂತ ಮೇಲು, ಸಾಮಾನ್ಯ, ಪಾಸು, ಫೇಲು. ಮೇಲೆ ತಲೆಬರಹ ‘ಗ್ರೇಡು ಪಟ್ಟಿ’. ಅನುತ್ತೀರ್ಣ ಬಿಟ್ಟದ್ದು ಜಗಳಕ್ಕಲ್ಲ ಮಾಷ್ಟ್ರೇ. ಮಳೆಗೆ ‘ಅನು’ ಅಳಿಸಿ ಹೋದರೆ ಫೇಲಾದವರೆಲ್ಲ ಪಾಸಾಗ್ತಾರೆ. ಇಂಟರ್ನಲ್ 30, ಪರೀಕ್ಷೆ 70 ಅನ್ನುವ ಸಾಲಿನಲ್ಲಿ ‘ನಿರಂತರ ಮೌಲ್ಯಮಾಪನ’ ಅಂತ ಹಾಕಿದೆ. ಮಕ್ಕಳು ಹೇಗೂ ಇಂಟರ್ನಲ್ ಅಂತಲೇ ಓದ್ತಾರೆ.

— ಬದಿಯಡ್ಕದಿಂದ

ಬೋರ್ಡಿನ ಫೋಟೋ ಇಲ್ಲಿ ಹಾಕಬೇಡಿ.

— ನೀರ್ಚಾಲಿನಿಂದ