‘ಗ್ರಂಥಿ ಕರಗಿಸುವ’ ಫಾರ್ವರ್ಡ್: ಬಿ.ಫಾರ್ಮ ಗೆಳೆಯರ ಗುಂಪಿನಲ್ಲಿ

ಪ್ರಕಾಶ್ (ನ್ಯೂಜೆರ್ಸಿ), 7:12
[ಫಾರ್ವರ್ಡ್] “ಪ್ರಾಸ್ಟೇಟ್ ದೊಡ್ಡದಾಗಿದೆಯೇ? ಆಪರೇಷನ್ ಬೇಡ! ಸಾ ಪಾಮೆಟೊ ಹಣ್ಣಿನ ಸಾರ 30 ದಿನದಲ್ಲಿ ಗ್ರಂಥಿ ಕರಗಿಸುತ್ತದೆ. ಹತ್ತು ಜನಕ್ಕೆ ಕಳಿಸಿ.”
ಮುಂದಿನ ತಿಂಗಳು ಊರಿಗೆ ಬರ್ತಿದೀನಿ. ಇಲ್ಲಿ ದಿನಸಿ ಅಂಗಡೀಲೂ ಸಿಗುತ್ತೆ. ಯಾರಿಗೆ ಎಷ್ಟು ಬಾಟಲಿ?

ಲತಾ, 7:31
ಕರಗೋದೆಲ್ಲ ಸುಳ್ಳು ಕಣೋ. 2006ರಲ್ಲಿ ಅಮೆರಿಕದಲ್ಲೇ 225 ಗಂಡಸರಿಗೆ 160 ಮಿ.ಗ್ರಾಂ. ದಿನಕ್ಕೆರಡು ಸಲ, ಒಂದು ವರ್ಷ ಕೊಟ್ಟು ನೋಡಿದ್ರು. ಔಷಧವೇ ಇಲ್ಲದ ಡಮ್ಮಿ ಮಾತ್ರೆಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಡೋಸ್ ಸಾಲದು ಅಂತ ಕೂಗೆದ್ದಿತು. 2011ರ ಟ್ರಯಲ್‌ನಲ್ಲಿ 369 ಜನಕ್ಕೆ ದಿನಕ್ಕೆ 320ರಿಂದ 960 ಮಿ.ಗ್ರಾಂ. ತನಕ ಏರಿಸಿ 72 ವಾರ ನೋಡಿದ್ರು. ಆಗಲೂ ಅದೇ ಕಥೆ.

ರಮೇಶ್, 7:40
ಲತಾ, ಎರಡೂ ಟ್ರಯಲ್‌ನಲ್ಲಿ ಕೊಟ್ಟ ಸಾರ ಒಂದೇ ಅಲ್ಲ. 2006ರದ್ದು ಕಾರ್ಬನ್ ಡೈಆಕ್ಸೈಡ್‌ನಲ್ಲಿ ತೆಗೆದದ್ದು, 2011ರದ್ದು ಎಥನಾಲ್‌ನದ್ದು. ಹೆಕ್ಸೇನ್ ಅನ್ನೋ ದ್ರಾವಕದಲ್ಲಿ ತೆಗೆದ ಫ್ರಾನ್ಸಿನ ಸಾರವೇ ಬೇರೆ. ಯುರೋಪಿನ ಔಷಧ ಸಂಸ್ಥೆ 2015ರಲ್ಲಿ ಹೆಕ್ಸೇನ್ ಸಾರಕ್ಕೆ ಮಾತ್ರ ‘ದೃಢಪಟ್ಟ ಬಳಕೆ’ ಅಂದಿತು, ಎಥನಾಲ್‌ನದ್ದನ್ನ ‘ಸಾಂಪ್ರದಾಯಿಕ ಬಳಕೆ’ (ಬರೀ ಹಳೇ ರೂಢಿಯ ಆಧಾರ) ಪಟ್ಟಿಗೆ ಹಾಕಿತು. ಗ್ರಂಥಿ ಕುಗ್ಗಿಸೋ ಫಿನಾಸ್ಟರೈಡ್ ಮಾತ್ರೆ ಎದುರು 1996ರಲ್ಲಿ 1,098 ಜನರ ಮೇಲೆ 6 ತಿಂಗಳು ನೋಡಿದಾಗ ಮೂತ್ರದ ತೊಂದರೆಯ ಲಕ್ಷಣಗಳ ಇಳಿಕೆ ಹೆಚ್ಚುಕಡಿಮೆ ಸಮ ಬಂತು.

ಲತಾ, 7:52
ಅದರಲ್ಲಿ ಡಮ್ಮಿ ಗುಂಪೇ ಇರಲಿಲ್ಲ. ಫಿನಾಸ್ಟರೈಡ್ ಪೂರ್ತಿ ಹಿಡಿಯೋಕೆ ಆರು ತಿಂಗಳಾದರೂ ಬೇಕು, ಅಷ್ಟರಲ್ಲಿ ಟ್ರಯಲ್ ಮುಗಿಸಿಬಿಟ್ರು. ಈ ಕಾಯಿಲೆ ತಾನಾಗೇ ಏರ್ತದೆ, ಇಳೀತದೆ. ಡಾಕ್ಟರ ಹತ್ರ ಬರೋದೇ ಏರಿದಾಗ, ಆಮೇಲೆ ಏನು ಕೊಟ್ರೂ ಇಳಿದ ಹಾಗೆ ಕಾಣುತ್ತೆ. ಇಬ್ಬರೂ ಸಮ ಓಡಿದ್ರು ಅಂದ್ರೆ ಇಬ್ಬರೂ ಓಡಿದ್ರು ಅಂತ ಅರ್ಥವಲ್ಲ ಮಾರಾಯ. ಅಷ್ಟಾಗಿಯೂ ಅದರಲ್ಲಿ ಗ್ರಂಥಿ ಕುಗ್ಗಿಸಿದ್ದು ಫಿನಾಸ್ಟರೈಡ್, ಸುಮಾರು 18%. ನಿನ್ನ ಸಾರದ್ದು 6%.

ಮಂಜು (ಮೆಡಿಕಲ್ ಸ್ಟೋರ್), 8:05
ಪ್ರಕಾಶ, ಬಾಟಲಿ ಹಿಂದಿನ ಫೋಟೊ ಹಾಕಪ್ಪ.

ಪ್ರಕಾಶ್, 8:11
[ಫೋಟೊ]
“ಸಾ ಪಾಮೆಟೊ ಬೆರಿ ಪುಡಿ 450 ಮಿ.ಗ್ರಾಂ.” ಅಂತಿದೆ. 320ಕ್ಕಿಂತ ಜಾಸ್ತಿನೇ ಇದೆಯಲ್ಲ?

ರಮೇಶ್, 8:15
ಅಯ್ಯೋ, ಅದು ಸಾರವೇ ಅಲ್ವೋ. ಒಣಗಿಸಿ ಬೀಸಿದ ಹಣ್ಣು. ಸುಮಾರು 10 ಗ್ರಾಂ ಹಣ್ಣಿಗೆ 1 ಗ್ರಾಂ ಎಣ್ಣೆಯಂಥ ಸಾರ ಬರೋದು. ಆ ಲೆಕ್ಕದಲ್ಲಿ ನಿನ್ನ 450ರಲ್ಲಿ 45 ಮಿ.ಗ್ರಾಂ. ಇದ್ದರೆ ಹೆಚ್ಚು. ಸಾರ ಅಂದ್ರೆ ಮೆತ್ತನೆ ಕ್ಯಾಪ್ಸೂಲ್‌ನಲ್ಲಿ 320 ಮಿ.ಗ್ರಾಂ., ಲೇಬಲ್ ಮೇಲೆ ಫ್ಯಾಟಿ ಆಸಿಡ್ 85ರಿಂದ 95% ಅಂತ ಇರಬೇಕು. ಅದರಲ್ಲೂ ಕಲಬೆರಕೆ ಇದೆ. ಅಸಲಿ ಸಾರದಲ್ಲಿ ಲಾರಿಕ್, ಓಲಿಯಿಕ್ ಅನ್ನೋ ಎರಡು ಫ್ಯಾಟಿ ಆಸಿಡ್ ಹತ್ತಿರ ಹತ್ತಿರ. ಕೊಬ್ಬರಿ ಎಣ್ಣೆ ಬೆರೆಸಿದ್ರೆ ಲಾರಿಕ್ ನೆಗೆಯುತ್ತೆ, ಪಾಮ್ ಎಣ್ಣೆ ಬೆರೆಸಿದ್ರೆ ಪಾಮಿಟಿಕ್ ನೆಗೆಯುತ್ತೆ. ಲ್ಯಾಬಿನ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರ ಇಲ್ಲದೆ ಗೊತ್ತಾಗಲ್ಲ. ಹೊರಗಿಂದ ಎಲ್ಲ ಒಂದೇ ಹಸಿರು ಕ್ಯಾಪ್ಸೂಲ್.

ಸುರೇಶ್, 8:24
ಅಮೆರಿಕದ ಹಣ್ಣು ಯಾಕೆ? ನಮ್ಮ ನೆಗ್ಗಿಲು, ವರುಣದ ಚಕ್ಕೆ ಕಷಾಯ ಇಲ್ವಾ? ಕುಂಬಳದ ಬೀಜ?

ಲತಾ, 8:33
ಕುಂಬಳದ ಬೀಜಕ್ಕೆ ಜರ್ಮನಿಯ ದೊಡ್ಡ ಟ್ರಯಲ್ ಇದೆ, 1,431 ಜನ, ಒಂದು ವರ್ಷ. ತಮಾಷೆ ಏನಂದ್ರೆ ದಿನಕ್ಕೆ 5 ಗ್ರಾಂ ಎರಡು ಸಲ ಬೀಜ ತಿಂದವರಿಗೆ ಸ್ವಲ್ಪ ಲಾಭ ಕಂಡಿತು, ಬೀಜದ ಸಾರದ ಕ್ಯಾಪ್ಸೂಲ್ ನುಂಗಿದವರಿಗೆ ಇಲ್ಲ. ತಿನ್ನು, ನಷ್ಟ ಇಲ್ಲ. ನೆಗ್ಗಿಲು, ವರುಣಕ್ಕೆ ಇಷ್ಟು ದೊಡ್ಡ ಟ್ರಯಲ್ ಕಾಣೆ. ಕ್ರಿಯಾಟಿನಿನ್ (ಕಿಡ್ನಿ ರಕ್ತಪರೀಕ್ಷೆ) ಏರಿದವರು ಲೇಬಲ್ ಇಲ್ಲದ ಪುಡಿ, ಭಸ್ಮ ಮುಟ್ಟಬಾರದು.

ಮಂಜು, 8:41
ಸಾರ ಬಿಡ್ರಪ್ಪ. ಮೂತ್ರ ಕಟ್ಟಿ ಆಸ್ಪತ್ರೆಗೆ ಓಡೋದು ಎಷ್ಟೋ ಸಲ ಶೀತದ ಮಾತ್ರೆಯಿಂದ. ಫೆನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ಬ್ಲ್ಯಾಡರ್ (ಮೂತ್ರಕೋಶ) ಕತ್ತು ಬಿಗಿ ಮಾಡುತ್ತೆ. ಕ್ಲೋರ್‌ಫೆನಿರಮಿನ್‌ನಿಂದ ಬ್ಲ್ಯಾಡರ್ ಹಿಂಡೋ ಬಲ ಕುಗ್ಗುತ್ತೆ. ಎರಡು ಬಗೆಯೂ ಒಂದೇ ಶೀತದ ಮಾತ್ರೆಯಲ್ಲಿ ಬರ್ತವೆ. ಕೌಂಟರಲ್ಲಿ ಶೀತಕ್ಕೆ ಕೇಳಿದ 60 ದಾಟಿದವರಿಗೆ ‘ಒಂದಕ್ಕೆ ಸಲೀಸಾಗಿ ಆಗುತ್ತಾ?’ ಅಂತ ಕೇಳಿ ಕೊಡಬೇಕು.
ಮೂತ್ರ ಸಲೀಸು ಮಾಡೋ ಟ್ಯಾಮ್ಸುಲೋಸಿನ್ ಮಾತ್ರೆ ತಗೊಳ್ಳೋರು ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಡಾಕ್ಟರಿಗೆ ಹೇಳಲೇಬೇಕು, ಐರಿಸ್ (ಕಣ್ಣಿನ ಬಣ್ಣದ ಪರದೆ) ಸಡಿಲ ಆಗಿಬಿಡುತ್ತೆ. ಫಿನಾಸ್ಟರೈಡ್ ಆರು ತಿಂಗಳು ದಾಟಿದ್ರೆ ಪ್ರಾಸ್ಟೇಟ್ ರಕ್ತಪರೀಕ್ಷೆಯ ಪಿಎಸ್‌ಎ ಅರ್ಧಕ್ಕಿಳಿಯುತ್ತೆ, ರಿಪೋರ್ಟ್‌ನ ಅಂಕಿಗೆ ಎರಡರಿಂದ ಗುಣಿಸಿ ಓದಬೇಕು.

ರಮೇಶ್, 8:50
ಆಯ್ತಮ್ಮ ಲತಾ. ಆದ್ರೂ ಲಕ್ಷಣ ಹಗುರವಾಗಿ, ಟ್ಯಾಮ್ಸುಲೋಸಿನ್‌ನಿಂದ ತಲೆ ಸುತ್ತೋದು, ವೀರ್ಯ ಹಿಂದಕ್ಕೆ ಹೋಗೋದು ಬೇಡ ಅನ್ನೋರಿಗೆ ಹೆಕ್ಸೇನ್ ಸಾರ ಮೂರು ತಿಂಗಳು ಕೊಟ್ಟು ನೋಡಬಹುದು. ಯುರೋಪಿನ ಯುರಾಲಜಿ ಸಂಘವೂ ಹಾಗೇ ಹೇಳುತ್ತೆ, ದುರ್ಬಲ ಶಿಫಾರಸು ಅನ್ನೋದು ನಿಜ.

ಲತಾ, 9:02
ಕೊಡು, ಆದ್ರೆ ಮೂತ್ರದ ತೊಂದರೆ ಅಳೆಯೋ ಐಪಿಎಸ್‌ಎಸ್ ಹಾಳೆ ತುಂಬಿಸಿ ಕೊಡು. ಏಳು ಪ್ರಶ್ನೆ, 35 ಅಂಕ: 7ರ ತನಕ ಹಗುರ, 8ರಿಂದ 19 ಮಧ್ಯಮ, 20ರಿಂದ ಮೇಲೆ ತೀವ್ರ. ಮೂರು ಅಂಕಕ್ಕಿಂತ ಕಡಿಮೆ ಇಳಿದ್ರೆ ನಿಲ್ಲಿಸು. ತೀವ್ರ ಇದ್ರೆ, ರಕ್ತ, ಜ್ವರ ಇದ್ರೆ ಕ್ಯಾಪ್ಸೂಲ್ ಮಾತೇ ಬೇಡ. ರಕ್ತ ಹೆಪ್ಪುಗಟ್ಟದಂತೆ ಕೊಡೋ ವಾರ್ಫರಿನ್ ತಗೊಳ್ಳೋರು, ಆಪರೇಷನ್‌ಗೆ ದಿನ ಗೊತ್ತಾದವರು ಡಾಕ್ಟರಿಗೆ ಹೇಳದೆ ಇದನ್ನ ಮುಟ್ಟಬಾರದು.
ರಾತ್ರಿ ಏಳೋದೊಂದೇ ತೊಂದರೆ ಆದ್ರೆ ಮೂರು ದಿನ ಅಳತೆ ಲೋಟದಲ್ಲಿ ಅಳೆದು ಬರೆದಿಡಿ. ದಿನದ ಒಟ್ಟು ಮೂತ್ರದ ಮೂರನೇ ಒಂದು ಪಾಲಿಗಿಂತ ಜಾಸ್ತಿ ರಾತ್ರಿಯೇ ಬಂದ್ರೆ ತಪ್ಪು ಬರೀ ಪ್ರಾಸ್ಟೇಟ್‌ನದ್ದಲ್ಲ. ಸಕ್ಕರೆ, ಕಾಲು ಊತ, ಸಂಜೆ ನುಂಗೋ ನೀರಿಳಿಸೋ ಮಾತ್ರೆ, ಇವುಗಳನ್ನ ನೋಡಬೇಕು.

ಸುರೇಶ್, 9:10
ಸ್ಕ್ಯಾನ್ ಮಾಡಿಸಿದ್ರೆ ಸಾಕಾ?

ಲತಾ, 9:13
ಚೀಟಿಯಲ್ಲಿ ‘ಮೂತ್ರ ಮಾಡಿದ ನಂತರದ ಉಳಿಕೆ’ ಅಂತ ಬರೆಸು. ಇಲ್ಲಾಂದ್ರೆ ತುಂಬಿದ ಬ್ಲ್ಯಾಡರ್ ಒಂದೇ ನೋಡಿ ಕಳಿಸ್ತಾರೆ. ಒಂದೂವರೆ ಲೀಟರ್ ಕುಡಿಸಿ ಬಿಗಿದು ಕೂರಿಸಿ ಆಮೇಲೆ ಅಳೆದ ಉಳಿಕೆ ಸುಳ್ಳು ಹೇಳುತ್ತೆ. ಸಾಧಾರಣವಾಗಿ ಒತ್ತಡ ಬಂದಾಗ ಹೋಗಿ ಬಂದು, ಕೂಡಲೇ ಅಳೆಸಬೇಕು. ಸಂದೇಹ ಇದ್ರೆ ಇನ್ನೊಂದು ಸಲ.