ಶಿರಸಿಗೆ ಬಂದರೂ ಸುಸ್ತು ಬಿಡುತ್ತಿಲ್ಲ, ಏನು ಮಾಡಲಿ?

ಶಿರಸಿಯಿಂದ:
ಬೆಂಗಳೂರು ಬಿಟ್ಟು ಮನೆಯಿಂದಲೇ ಕೆಲಸ ಶುರು ಮಾಡಿ ಎರಡು ವರ್ಷ ಆಯಿತು. ಸರ್ವರ್ ನೋಡಿಕೊಳ್ಳುವ ಕೆಲಸ. ಆನ್‌ಕಾಲ್ ವಾರ, ಅಂದರೆ ಯಾವ ಹೊತ್ತಿಗೆ ಕರೆ ಬಂದರೂ ಕೆಲಸಕ್ಕೆ ಕೂರಬೇಕಾದ ವಾರ ಬಂದರೆ ರಾತ್ರಿ ಎರಡಕ್ಕೆ ಅಲರ್ಟ್ ಹೊಡೆಯುತ್ತದೆ, ಮಳೆಗೆ ಕರೆಂಟ್ ಹೋಗಿರುತ್ತದೆ, ಇನ್ವರ್ಟರ್ ಇನ್ನೆಷ್ಟು ಹೊತ್ತು ಬರುತ್ತದೋ ಅಂತ ಎದೆ ಡವಗುಟ್ಟುತ್ತಲೇ ಸರ್ವರ್‌ನ ಲಾಗ್ (ದಾಖಲೆ) ಓದಬೇಕು. ಅಪ್ಪ ಅಡಿಕೆ ತೋಟಕ್ಕೆ ಕರೆದರೂ ಸಿಡುಕುತ್ತೇನೆ. ಇದು ಬರ್ನ್‌ಔಟಾ, ಸುಮ್ನೆ ಸೋಮಾರಿತನವಾ?

ಕಾರವಾರದಿಂದ:
ಸೋಮಾರಿತನ ಅಲ್ಲವೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಬರ್ನ್‌ಔಟ್ ಅನ್ನು ಕೆಲಸದಿಂದ ಬರುವ ಸ್ಥಿತಿ ಅಂತ ಕಾಯಿಲೆಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11ರಲ್ಲಿ ಸೇರಿಸಿದೆ, ರೋಗ ಅಂತ ಅಲ್ಲ. ಅದರ ಲಕ್ಷಣ ಅಂದರೆ ತೀರದ ಸುಸ್ತು, ಕೆಲಸ ಕಂಡರೆ ಬೇಸರ, ಕೈಲಾಗುತ್ತಿಲ್ಲ ಅನ್ನಿಸುವುದು. ನನಗೂ ಆಗಿತ್ತು. ಸಂಜೆ ಟಾಗೋರ್ ಕಡಲತೀರದಲ್ಲಿ ನಡೆದರೆ ಹಿತ ಅನ್ನಿಸುತ್ತಿತ್ತು, ಆದರೆ ನಿಜವಾಗಿ ಚೇತರಿಸಿಕೊಂಡಿದ್ದು ಬೇಡದ ಅಲರ್ಟ್‌ಗಳನ್ನೆಲ್ಲ ತೆಗೆಸಿ, ರಾತ್ರಿ ಎದ್ದ ಮರುದಿನ ಬೆಳಿಗ್ಗೆ ರಜೆ ಕೇಳಿ ಪಡೆದ ಮೇಲೆ. ನೀವೂ ಕೇಳಿ ನೋಡಿ, ಕೇಳುವುದರಲ್ಲಿ ತಪ್ಪೇನಿದೆ?

ಕುಮಟಾದಿಂದ:
ನಿದ್ದೆ ಪೂರ್ತಿ ಕೆಟ್ಟಿದ್ದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಶಿರಸಿಯಿಂದ:
ಓದಿ ಕಣ್ಣು ತುಂಬಿತು. ಸೋಮವಾರ ಮ್ಯಾನೇಜರ್ ಹತ್ತಿರ ಮಾತಾಡುತ್ತೇನೆ. ಈಗ ತೋಟಕ್ಕೆ ಹೊರಟೆ.